ಮೊಸರಿನ ಕುಡಿಕೆಗೆ ಬಿಸಿನೀರು ಕುಡಿಸಿದ್ದು

ಕೇಳಿದ್ದು ಇನ್ನೂರು ಕುಡಿಕೆ. ಮೊಸರು ಹೆಪ್ಪು ಹಾಕಲಿಕ್ಕೆ. ಅಂಗೈಯಲ್ಲಿ ಕೂರುವಷ್ಟು ಚಿಕ್ಕದಿರಬೇಕು, ಬಾಯಿ ಅಗಲವಿರಬೇಕು, ಮೇಜಿನ ಮೇಲಿಟ್ಟರೆ ಅಲುಗಾಡಬಾರದು. ಕೇಳಿದವಳು ಶೃಂಗೇರಿಯ ಒಬ್ಬ ಹೆಂಗಸು. ಹನ್ನೆರಡು ವರ್ಷ ಬೇರೆಯವರ ಹೋಟೆಲಿನಲ್ಲಿ ಹಿಟ್ಟು ರುಬ್ಬಿ ಸಾಕಾಗಿ, ಆ ಕೆಲಸ ಬಿಟ್ಟು, ತನ್ನದೇ ಒಂದು ಚಿಕ್ಕ ಊಟದ ಮನೆ ತೆರೆಯಲು ಹೊರಟಿದ್ದಳು. ಅನ್ನ, ಸಾರು, ಪಲ್ಯ ಎಲ್ಲರ ಹತ್ತಿರವೂ ಸಿಗುತ್ತದೆ. ಇವಳ ಹತ್ತಿರ ಮಾತ್ರ ಮಣ್ಣಿನ ಕುಡಿಕೆಯಲ್ಲಿ ಹೆಪ್ಪಾದ, ಚಮಚ ನೆಟ್ಟರೆ ನಿಲ್ಲುವಂಥ ಮೊಸರು. ಬೋರ್ಡಿಗೂ ಹಾಗೇ ಬರೆಸಿಬಿಟ್ಟಿದ್ದಳು: ‘ಕುಡಿಕೆ ಮೊಸರಿನ ಊಟ’.

‘ಬೋರ್ಡ್ ಬರೆಸಿ ಆಯ್ತು ಅಜ್ಜಾ. ಇನ್ನು ಕುಡಿಕೆ ನಿಮ್ಮ ಕೈಲಿದೆ’ ಅಂದಳು.

‘ಬೋರ್ಡಿನ ಬಣ್ಣ ಹೋದ್ರೂ ನನ್ನ ಕುಡಿಕೆ ಹೋಗಲ್ಲ, ನಡಿ’ ಅಂದೆ ನಾನು.

ಕೊಪ್ಪದಿಂದ ನರಸಿಂಹರಾಜಪುರದವರೆಗೆ ನನ್ನಷ್ಟು ತೆಳ್ಳಗೆ ಕುಡಿಕೆ ಎಳೆಯುವ ಕೈ ಇನ್ನೊಂದು ಇರಲಿಲ್ಲ. ಇದ್ದಿದ್ದರೂ ನಾನು ಒಪ್ಪುತ್ತಿರಲಿಲ್ಲ ಅನ್ನುವುದು ಬೇರೆ ವಿಷಯ.

ತೊಂದರೆ ಇದ್ದದ್ದು ಮಣ್ಣಿನಲ್ಲಿ. ನಾವು ಯಾವತ್ತೂ ಮಣ್ಣು ತೆಗೆಯುವ ಕೆರೆಯಲ್ಲಿ ಆ ವರ್ಷ ಭತ್ತದ ಕುಯ್ಲು ಮುಗಿದರೂ ಎದೆಮಟ್ಟದ ನೀರು. ಕಡಹಿನಬೈಲಿನ ಗೌಡರೊಬ್ಬರು, ‘ನಮ್ಮ ಗದ್ದೆ ಮೂಲೇಲಿ ಒಳ್ಳೇ ಜೇಡಿ ಉಂಟು, ತೆಗೊಂಡು ಹೋಗಿ. ನೆಲ ಮಟ್ಟ ಆದ್ರೆ ನಂಗೂ ಉಪಕಾರ’ ಅಂದರು. ಹೋದೆ. ಗುದ್ದಲಿಯಿಂದ ಒಂದು ಹೆಂಟೆ ಎತ್ತಿದೆ. ಕಪ್ಪಗೆ, ನುಣ್ಣಗೆ, ಬೆರಳಿನಿಂದ ಹೊಸಕಿದರೆ ಮೇಣದ ಹಾಗೆ ಮಿಂಚುತ್ತಿತ್ತು.

ಮಣ್ಣನ್ನು ಕಣ್ಣಿನಿಂದ ನಂಬಬಾರದು. ಚಿಟಿಕೆ ಬಾಯಿಗೆ ಹಾಕಿ ಮುಂದಿನ ಹಲ್ಲುಗಳ ನಡುವೆ ಅರೆಯಬೇಕು. ಒಂದೇ ಒಂದು ಹರಳಿದ್ದರೂ ಕರಕ್ ಅಂತ ಹೇಳಿಬಿಡುತ್ತದೆ. ನಮ್ಮಪ್ಪ ಹಾಗೇ ನೋಡುತ್ತಿದ್ದ, ನಾನೂ ಹಾಗೇ. ಗೌಡರ ಎದುರು ಒಂದು ಚಿಟಿಕೆ ಬಾಯಿಗೆಸೆದು, ಕಣ್ಣು ಮುಚ್ಚಿ, ಕಾಫಿ ರುಚಿ ನೋಡುವವರ ಹಾಗೆ ತಲೆ ಆಡಿಸಿದೆ. ‘ಬೆಣ್ಣೆ ಗೌಡ್ರೆ! ಇದರಲ್ಲಿ ಉಪ್ಪು ಹಾಕಿದ್ರೆ ರೊಟ್ಟಿಗೆ ನೆಂಚಿಕೊಳ್ಬಹುದು.’

ಗೌಡರೂ ಒಂದು ಚಿಟಿಕೆ ಬಾಯಿಗೆ ಹಾಕಿದರು, ಥೂ ಅಂತ ಉಗಿದರು. ನಾನು ನಕ್ಕೆ. ಜನರ ಬಾಯಿಗೆ ಮಣ್ಣು ಹಾಕಿಸುವುದು ನನಗೆ ಮೊದಲಿನಿಂದಲೂ ಖುಷಿಯ ಕೆಲಸ.

ಮನೆಗೆ ತಂದು ಮಣ್ಣನ್ನು ಕುಟ್ಟಿ ಪುಡಿಮಾಡುವಾಗ ನಮ್ಮನೆಯವಳು ಜರಡಿ ತಂದಳು. ಹೊಸ ಜಾಗದ ಮಣ್ಣು ಅಂದರೆ ಅವಳು ಜರಡಿ ಬಿಡುವವಳಲ್ಲ.

‘ಬೇಡ ಇಡು. ನನ್ನ ಹಲ್ಲೇ ಜರಡಿ.’

‘ನಿಮ್ಮ ಹಲ್ಲಾ?’ ಅಂದಳು. ಒಂದು ಥರ ನೋಡಿದಳು. ಜರಡಿ ವಾಪಸ್ ಒಳಗಿಟ್ಟಳು.

ನೀರಿನಲ್ಲಿ ನೆನೆಸಿ, ಹೊಳೆಯ ಸಣ್ಣ ಮರಳು ಬೆರೆಸಿ, ಕಾಲಿನಿಂದ ತುಳಿದು ಮೂರು ದಿನ ಗೋಣಿ ಮುಚ್ಚಿ ಇಟ್ಟೆವು. ಮಣ್ಣಿನ ದೊಡ್ಡ ಮುದ್ದೆಯನ್ನು ಚಕ್ರದ ಮೇಲೆ ಕೂರಿಸಿ, ತುದಿಯಿಂದ ಒಂದೊಂದೇ ಕುಡಿಕೆ ಎಬ್ಬಿಸಿ, ನೆನೆದ ದಾರದಿಂದ ಕತ್ತರಿಸಿ ಇಳಿಸುತ್ತ ಹೋದೆ. ನಾಲ್ಕು ದಿನಕ್ಕೆ ಇನ್ನೂರು. ಇಬ್ಬನಿ ಕಾಲ. ಬೆಳಿಗ್ಗೆ ಹತ್ತು ಗಂಟೆಯವರೆಗೆ ಅಂಗಳ ಒದ್ದೆ. ಹಾಗಾಗಿ ಮೊದಲು ಒಳಗೆ ನೆರಳಿನಲ್ಲಿ, ಆಮೇಲೆ ಒಲೆಯ ಮೇಲಿನ ಅಟ್ಟದಲ್ಲಿ, ಕೊನೆಗೆ ಮಧ್ಯಾಹ್ನದ ಬಿಸಿಲಿನಲ್ಲಿ. ಕೆನ್ನೆಗೆ ಒತ್ತಿದರೆ ತಣ್ಣಗಿದೆ ಅನ್ನಿಸಿದರೆ ಒಳಗೆ ಇನ್ನೂ ನೀರಿದೆ ಅಂತ ಅರ್ಥ. ನನ್ನ ಕೆನ್ನೆಗೆ ಇನ್ನೂರೂ ಮುತ್ತಿಟ್ಟಿವೆ. ನಮ್ಮನೆಯವಳು ಅಷ್ಟು ಇಟ್ಟಿರಲಿಕ್ಕಿಲ್ಲ.

ನನ್ನ ಆವಿಗೆ ಚಿಕ್ಕದು. ಸುಡುವ ಗೂಡು ಅಂದರೆ ನಮ್ಮಲ್ಲಿ ಆವಿಗೆ. ಇನ್ನೂರೂ ಒಟ್ಟಿಗೆ ಹಿಡಿಯುವುದಿಲ್ಲ, ಮೊದಲು ಎಂಬತ್ತು ಸುಟ್ಟೆ. ಬೆಳಿಗ್ಗೆ ಬರೀ ಹೊಗೆ, ಮಧ್ಯಾಹ್ನ ಸಣ್ಣ ಉರಿ, ಸಂಜೆಯೊಳಗೆ ದೊಡ್ಡ ಉರಿ. ಎರಡನೇ ದಿನ ತೆಗೆದಾಗ ಎಂಬತ್ತರಲ್ಲಿ ಒಂದೂ ಒಡೆದಿರಲಿಲ್ಲ. ಒಳ್ಳೆಯ ಕೆಂಪು. ಬೆರಳಿನಿಂದ ಬಾರಿಸಿದರೆ ಗಂಟೆ. ಸಿಕ್ಕಿದವರನ್ನೆಲ್ಲ ಕರೆದು ಬಾರಿಸಿ ಕೇಳಿಸಿದೆ. ರಾತ್ರಿ ಜಗಲಿಯಲ್ಲೇ ಸಾಲಾಗಿ ಜೋಡಿಸಿಟ್ಟೆ, ದಾರಿಯಲ್ಲಿ ಹೋಗುವವರಿಗೂ ಕಾಣಲಿ ಅಂತ.

ಮಾರನೇ ದಿನವೂ ಹಾಗೇ ಇದ್ದವು. ಅದರ ಮಾರನೇ ದಿನ ಬಿಸಿಲು ಏರುವ ಹೊತ್ತಿಗೆ ನಾನು ಎಲೆಯಡಿಕೆ ಕವಳ ಹಾಕಿಕೊಂಡು ಕೂತಿದ್ದೆ, ನಮ್ಮನೆಯವಳು ಅಕ್ಕಿ ಆರಿಸುತ್ತಿದ್ದಳು. ಟಿಕ್ ಅಂತು. ಸ್ವಲ್ಪ ಹೊತ್ತಿಗೆ ಇನ್ನೊಂದು ಟಿಕ್.

‘ಸಾಕು ಮಾರಾಯ್ರೆ ನಿಮ್ಮ ಆಟ’ ಅಂದಳು ತಲೆ ಎತ್ತದೆ. ತಪ್ಪು ಅವಳದ್ದಲ್ಲ. ಹಿಂದೊಮ್ಮೆ ನೀರಿನ ಹರವಿಯಲ್ಲಿ ದುಂಬಿ ಕೂಡಿಹಾಕಿ, ಮಡಕೆ ಮಂತ್ರ ಹೇಳುತ್ತಿದೆ ಅಂತ ಅವಳ ತಮ್ಮನನ್ನು ಅರ್ಧ ದಿನ ಕೈಮುಗಿಸಿ ಕೂರಿಸಿದವನು ನಾನೇ.

‘ನಾನಲ್ಲ ಮಾರಾಯ್ತಿ.’

‘ಮತ್ತೆ ಕುಡಿಕೆ ತಾನಾಗೇ...’ ಅನ್ನುವಷ್ಟರಲ್ಲಿ ಉಗುರಿನಷ್ಟು ದೊಡ್ಡ ಚಕ್ಕೆಯೊಂದು ಹಾರಿ ಬಂದು ಅವಳ ಮೊರದೊಳಗೆ ಬಿತ್ತು.

ಎದ್ದು ನೋಡಿದೆ. ಕುಡಿಕೆಯ ಒಳಮೈಯಲ್ಲಿ ಸಿಡುಬಿನ ಕಲೆಯಂಥ ಗುಳಿ. ಗುಳಿಯ ನಡುವೆ ಸಾಸಿವೆಯಷ್ಟು ಬಿಳಿ ಪುಡಿ. ಬೆರಳಿಗೆ ತಾಗಿಸಿ ನಾಲಿಗೆಗಿಟ್ಟೆ. ಚುರ್ ಅಂತು. ಮೂರು ಹೊತ್ತು ಕವಳ ಹಾಕುವವನಿಗೆ ಆ ಉರಿಯನ್ನು ಯಾರೂ ಹೇಳಿಕೊಡಬೇಕಿಲ್ಲ. ಸುಣ್ಣ. ಸಂಜೆಯೊಳಗೆ ಎಂಬತ್ತರಲ್ಲಿ ಐವತ್ತಕ್ಕೂ ಹೆಚ್ಚು ಕುಡಿಕೆಗಳ ಮೈ ತೂತು ಬಿದ್ದ ಹಾಗಾಗಿತ್ತು.

ಇಲ್ಲಿ ಒಂದು ನಿಜ ಹೇಳಿಬಿಡುತ್ತೇನೆ. ಆ ಮಳೆಗಾಲದಲ್ಲೇ ನಾನು ಶಿವಮೊಗ್ಗಕ್ಕೆ ಹೋಗಿ ಮೇಲಿನ ಹಲ್ಲಿನ ಸೆಟ್ಟು ಕಟ್ಟಿಸಿಕೊಂಡು ಬಂದಿದ್ದೆ. ನೋಡಲು ಮದುಮಗನ ಹಲ್ಲು. ಚಕ್ಕುಲಿಯನ್ನೂ ಕಡಿಯುತ್ತದೆ. ಆದರೆ ಹರಳು ಸಿಕ್ಕರೆ ಹೇಳುವುದು ಹಲ್ಲಲ್ಲ, ಹಲ್ಲಿನ ಬೇರು. ಕಟ್ಟಿಸಿದ ಹಲ್ಲಿಗೆ ಬೇರೆಲ್ಲಿದೆ? ಗೌಡರ ಗದ್ದೆಯಲ್ಲಿ ಕಣ್ಣು ಮುಚ್ಚಿ ತಲೆ ಆಡಿಸಿದಾಗ ನನ್ನ ಬಾಯಿಗೆ ಏನೂ ಗೊತ್ತಾಗಿರಲಿಲ್ಲ. ಗೊತ್ತಾಗಲಿಲ್ಲ ಅಂತ ಹೇಳಲು ನಾಚಿಕೆಯಾಗಿ ‘ಬೆಣ್ಣೆ’ ಅಂದಿದ್ದೆ, ಅಷ್ಟೇ.

ಕಡಹಿನಬೈಲಿಗೆ ಹೋಗಿ ಕೇಳಿದರೆ ಗೌಡರು ತಲೆ ಕೆರೆದುಕೊಂಡರು. ‘ಹೌದಲ್ಲ ಮಾರಾಯ್ರೆ! ಮಣ್ಣು ಹುಳಿ ಹಿಡಿದಿದೆ ಅಂತ ನಾಲ್ಕೈದು ವರ್ಷದ ಹಿಂದೆ ಚಿಪ್ಪುಸುಣ್ಣ ತರಿಸಿ ಆ ಮೂಲೇಲೇ ರಾಶಿ ಹಾಕ್ಸಿದ್ದೆ. ನೀವು ಬಾಯಿಗೆ ಹಾಕಿ ನೋಡಿದ್ರಿ, ಬೆಣ್ಣೆ ಅಂದ್ರಿ. ದೊಡ್ಡವರು ನೋಡಿದ ಮೇಲೆ ನಾನೆಂತ ಹೇಳೋದು ಅಂತ ಸುಮ್ಮನಾದೆ.’

ಬಂದ ದಾರಿಯಲ್ಲೇ ಪೇಟೆಗೆ ನಡೆದೆ.

ಎಸ್‌ಟಿಡಿ ಬೂತಿನಿಂದ ಶೃಂಗೇರಿಗೆ ಫೋನು ಮಾಡಿದೆ. ‘ತಂಗೀ, ಕುಡಿಕೆ ತಾವಾಗೇ ಸಿಡೀತಿದಾವೆ.’

ಅತ್ತಲಿಂದ ನಗು. ‘ಹೌದಾ ಅಜ್ಜ? ಹಾರ್ತಾವೋ, ಕುಣೀತಾವೋ?’

‘ತಮಾಷೆ ಅಲ್ಲ. ಮಣ್ಣಲ್ಲಿ ಸುಣ್ಣದ ಹರಳು. ಮೊಸರು ಹಾಕಿದ್ರೆ ಚಕ್ಕೆ ಎದ್ದು ಅದರೊಳಗೇ ಬೀಳ್ತದೆ. ತಿಂದವರ ಬಾಯಿ ಸುಡ್ತದೆ.’

ನಗು ನಿಂತಿತು. ಆಮೇಲೆ ಸಣ್ಣ ದನಿಯಲ್ಲಿ, ‘ಹಳೇ ಹೋಟ್ಲಿಗೆ ಬೇರೆಯವಳು ಸೇರಿ ಆಯ್ತು ಅಜ್ಜ. ಇನ್ನು ವಾಪಸ್ ಹೋಗೋ ಹಾಗಿಲ್ಲ. ತೆರೆಯೋಕೆ ಹದಿನೆಂಟು ದಿನ ಇದೆ. ಮೊದಲ್ನೇ ದಿನ ಒಬ್ಬರ ಬಾಯಿಗೆ ಸುಣ್ಣ ಸಿಕ್ಕಿದ್ರೂ ಮಾರನೇ ದಿನ ಯಾರೂ ಬರಲ್ಲ’ ಅಂದಳು. ಬೈಯಲಿಲ್ಲ. ಬೈದಿದ್ದರೆ ನಾನು ಏನಾದರೂ ತಿರುಗಿ ಹೇಳಿ ಹಗುರವಾಗುತ್ತಿದ್ದೆ.

ಮನೆಯಲ್ಲಿ ಇನ್ನೂ ನೂರಿಪ್ಪತ್ತು ಒಣಗಿದ ಹಸಿ ಕುಡಿಕೆಗಳಿದ್ದವು, ಅದೇ ಮಣ್ಣಿನವು. ಅವನ್ನು ಮತ್ತೆ ನೀರಿನಲ್ಲಿ ಕರಗಿಸಿ, ಸೋಸಿ, ಹೊಸದಾಗಿ ಎಬ್ಬಿಸಿ ಒಣಗಿಸಿ ಸುಡಲು ಆ ಇಬ್ಬನಿಯಲ್ಲಿ ಇಪ್ಪತ್ತೈದು ದಿನವಾದರೂ ಬೇಕು. ಹಾಗೇ ಸುಟ್ಟರೆ ಮತ್ತೆ ಟಿಕ್ ಟಿಕ್.

ಸುಣ್ಣದ ರೋಗಕ್ಕೆ ಸುಣ್ಣದವನೇ ವೈದ್ಯ ಅಂತ, ಸಿಡಿದ ಕುಡಿಕೆಯೊಂದನ್ನು ಚೀಲದಲ್ಲಿ ಹಾಕಿಕೊಂಡು ಕೊಪ್ಪದ ಪೇಟೆಗೆ ಹೋದೆ. ಅಲ್ಲಿ ಕವಳಕ್ಕೂ ಗೋಡೆಗೂ ಸುಣ್ಣ ಮಾರುವ ಒಬ್ಬರು ಸಾಬರಿದ್ದರು. ನನಗಿಂತ ಎರಡು ವರ್ಷ ದೊಡ್ಡವರು. ಅವರಿಗೆ ಒಮ್ಮೆ ತಳದ ತೂತಿಗೆ ಹಸಿಮಣ್ಣು ಮೆತ್ತಿದ ಮಡಕೆ ಕೊಟ್ಟು, ಅಂಗಡಿ ತುಂಬ ಸುಣ್ಣದ ನೀರು ಹರಿಯುವಾಗ ಎದುರಿಗೆ ನಿಂತು ನಗಾಡಿದ್ದೆ. ಮಾರನೇ ದಿನ ಸರಿಯಾದ ಮಡಕೆ ಕೊಟ್ಟೆ ಅನ್ನಿ.

‘ಬಾರೋ ಮಾರಾಯ, ಇವತ್ತು ಎಲ್ಲಿ ತೂತು?’ ಅಂದರು ನೋಡಿದ ಕೂಡಲೇ.

‘ಇವತ್ತು ತೂತು ನನಗೇ ಬಿದ್ದಿದೆ ಸಾಬ್ರೆ.’ ಕುಡಿಕೆ ತೋರಿಸಿದೆ. ಹಲ್ಲಿನ ವಿಷಯವನ್ನೂ ಹೇಳಿದೆ. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಪಕ್ಕದ ಅಂಗಡಿಯವನನ್ನೂ ಕರೆದು ಹೇಳಿ ಇನ್ನೊಂದು ಸಲ ನಕ್ಕರು. ಆಮೇಲೆ ಎದ್ದು ಡಬ್ಬಿಯಿಂದ ಎರಡು ಸುಟ್ಟ ಸುಣ್ಣದ ಹರಳು ತೆಗೆದರು. ಒಂದನ್ನು ಕಲ್ಲಿನ ಮೇಲಿಟ್ಟು ಬೆರಳಿನಿಂದ ನಾಲ್ಕು ಹನಿ ನೀರು ಚಿಮುಕಿಸಿದರು. ಹರಳು ಉಬ್ಬಿತು, ಬಿರಿಯಿತು, ಚೂರಾಗಿ ಹರಡಿತು. ಇನ್ನೊಂದನ್ನು ಬಕೆಟ್ ನೀರಿನೊಳಗೆ ಹಾಕಿದರು. ಅದು ಬುಸ್ ಅಂದು, ಸ್ವಲ್ಪ ಹೊತ್ತು ಕುದಿದು, ಗಂಜಿಯ ಹಾಗೆ ತಳದಲ್ಲಿ ಮಲಗಿತು.

‘ನೋಡಿದ್ಯಾ? ಇಬ್ಬನೀಲಿ ಗುಟುಕು ಗುಟುಕು ಕುಡಿಸಿದ್ರೆ ಸುಣ್ಣ ಮೈ ಉಬ್ಬಿಸ್ತದೆ, ಮಡಕೆ ಸಿಡೀತದೆ. ಒಂದೇ ಸಲ ಹೊಟ್ಟೆ ತುಂಬ ಕುಡಿಸಿಬಿಡು, ಮೆತ್ತಗೆ ಬೆಣ್ಣೆ ಆಗಿ ಕೂತ್ಕೊಳ್ತದೆ. ಆವಿಗೆಯಿಂದ ತೆಗೆದ ಕೂಡ್ಲೆ ಮುಳುಗಿಸು. ಗಾಳಿ ತಾಗೋಕೆ ಬಿಡಬೇಡ.’

‘ಬಿಸಿ ಮಡಕೆ ಒಡೆಯಲ್ವಾ?’

‘ಅದು ನಂಗೊತ್ತಿಲ್ಲ. ನಾನು ಸುಣ್ಣದವ, ನೀನು ಮಡಕೆಯವ. ಎಲ್ಲ ನಾನೇ ಹೇಳಿಕೊಟ್ರೆ ನಿನ್ನ ಜಂಬ ಯಾರು ಹೊರೋದು?’

ಬಸ್ಸಿನಲ್ಲಿ ಬರುವಾಗ ತಲೆ ತುಂಬ ನಮ್ಮಪ್ಪನ ಮಾತೇ. ಆವಿಗೆ ತೆಗೆಯುವ ದಿನ ಅಂಗಳದಲ್ಲಿ ನೀರಿನ ಚೆಂಬು ಕೂಡ ಇರಬಾರದು. ಅದು ನಮ್ಮ ಮನೆಯ ಕಟ್ಟುಪಾಡು. ಬಾಯಾರಿದರೆ ಹಿತ್ತಲಿಗೆ ಹೋಗಿ ಕುಡಿದು ಬರಬೇಕು. ಕೈ ತೊಳೆದು ಬಂದವರು ಒರೆಸಿಕೊಂಡೇ ಬರಬೇಕು. ಒಮ್ಮೆ ಒಂದು ಹನಿ ನೀರು ಬಿದ್ದು ಅಪ್ಪನ ದೊಡ್ಡ ಹರವಿಯೊಂದು ಎರಡು ಸೀಳಾದದ್ದನ್ನು ನಾನೇ ನೋಡಿದ್ದೇನೆ. ಈಗ ಚೆಂಬಲ್ಲ, ಬಾನಿಗಟ್ಟಲೆ ನೀರು ತಂದಿಟ್ಟು ಕುಡಿಕೆಗಳನ್ನು ಮುಳುಗಿಸಬೇಕು. ಒಡೆದರೆ ನೂರಿಪ್ಪತ್ತೂ ಹೋಗುತ್ತವೆ, ಅವಳ ಬೋರ್ಡೂ ಹೋಗುತ್ತದೆ. ಬಿಟ್ಟರೂ ಹೋಗುತ್ತವೆ. ಎರಡೂ ಕಡೆ ಹೋಗುವುದೇ ಆದರೆ ಮಾಡಿ ನೋಡಿಯೇ ಹೋಗಲಿ ಅಂತ ಬಸ್ಸು ಇಳಿಯುವಾಗ ತೀರ್ಮಾನ ಮಾಡಿದೆ.

ಮನೆಯಲ್ಲಿ ಹೇಳಿದೆ. ಹಲ್ಲಿನದ್ದನ್ನೂ ಹೇಳಿದೆ.

‘ಅದು ನಂಗೆ ಜರಡಿ ದಿನಾನೇ ಗೊತ್ತಿತ್ತು’ ಅಂದಳು. ‘ಅಲ್ಲ, ಬಿಸಿ ಕುಡಿಕೆಗೆ ತಣ್ಣೀರು ಯಾಕೆ? ಬಾಣಂತಿ ಮೀಯಿಸೋಕೆ ತಣ್ಣೀರು ತರ್ತಾರಾ? ಬಚ್ಚಲ ಹಂಡೆ ಇಲ್ವಾ, ಬಿಸಿನೀರಲ್ಲೇ ಮುಳುಗಿಸಿ.’

ನಾನು ಬಾಯಿ ತೆರೆದು ನಿಂತೆ. ಕೊಪ್ಪ ಸೀಮೆಗೇ ದೊಡ್ಡ ಕೈ ನಂದು ಅಂತ ಹೇಳಿಕೊಂಡು ತಿರುಗಿದವನಿಗೆ ಇದು ಹೊಳೆದಿರಲಿಲ್ಲ.

ನೂರಿಪ್ಪತ್ತನ್ನೂ ಒಟ್ಟಿಗೇ ತುಂಬಿದೆ. ಮೇಲೆ ಹುಲ್ಲು, ಹುಲ್ಲಿನ ಮೇಲೆ ಕೆಸರು ಮೆತ್ತಿದೆ. ಈ ಸಲ ಹೊಗೆಯನ್ನೇ ಮಧ್ಯಾಹ್ನ ದಾಟುವವರೆಗೆ ಕೊಟ್ಟೆ, ಅವಸರ ಮಾಡಲಿಲ್ಲ. ಮಾರನೇ ದಿನ ಬೆಳಿಗ್ಗೆ ಹಂಡೆಗೆ ಬೆಂಕಿ ಹಾಕಿ, ಅಂಗಳಕ್ಕೆ ಎರಡು ಬಾನಿ ತಂದಿಟ್ಟೆವು. ಗೌಡರೂ ಬಂದರು, ಕರೆಯದೆಯೇ. ‘ಸುಣ್ಣ ನಂದು, ನೀರಾದ್ರೂ ಹೊರ್ತೀನಿ’ ಅಂತ ಪಂಚೆ ಎತ್ತಿ ಕಟ್ಟಿದರು.

ಅಂಚಿನಿಂದ ಒಂದು ಕುಡಿಕೆಯನ್ನು ಕೋಲಿನಿಂದ ಎತ್ತಿದೆ. ಮುಟ್ಟಲಾರದ ಬಿಸಿ. ಬಾನಿಗೆ ಇಳಿಸಿದೆ. ಟಪ್ ಅಂತ ಎರಡು ಹೋಳು. ಗೌಡರು ‘ಅಯ್ಯೋ’ ಅಂದರು. ಅರ್ಧ ಗಂಟೆ ಬಿಟ್ಟು ಇನ್ನೊಂದು. ಹೋಳಾಗಲಿಲ್ಲ, ಆದರೆ ಕಂಠದಿಂದ ತಳದವರೆಗೆ ಕೂದಲಿನಂಥ ಬಿರುಕು. ಮತ್ತೆ ಕಾದೆವು. ಗೋಣಿ ಎರಡು ಮಡಿಕೆ ಮಾಡಿ ಹಿಡಿದರೆ ಕೈ ತಡೆಯುತ್ತದೆ ಅನ್ನುವ ಹದಕ್ಕೆ ಬಂದಾಗ ಮೂರನೆಯದನ್ನು ಇಳಿಸಿದೆ. ಗುಳುಗುಳು ಅಂತ ಗುಳ್ಳೆ ಬಂತು. ಮತ್ತೂ ಬಂತು. ಬಾಯಾರಿದ ಎಮ್ಮೆಯ ಹಾಗೆ ಕುಡಿಯಿತು. ಎತ್ತಿ ಬಾರಿಸಿದೆ. ನೀರು ಕುಡಿದದ್ದಕ್ಕೆ ದನಿ ಸ್ವಲ್ಪ ದಪ್ಪ, ಆದರೆ ಒಡಕಿಲ್ಲ.

‘ಇದೇ ಹದ! ಬನ್ನಿ, ಬನ್ನಿ!’

ಆ ಹದ ಮುಕ್ಕಾಲು ಗಂಟೆಗಿಂತ ಹೆಚ್ಚು ನಿಲ್ಲುವುದಿಲ್ಲ. ಆರಿದರೆ ಗಾಳಿಯ ಪಸೆ ಒಳಗೆ ಹೋಗಲು ಶುರು. ನಾನು ಆವಿಗೆಯಿಂದ ತೆಗೆಯುವುದು, ನಮ್ಮನೆಯವಳು ಮುಳುಗಿಸುವುದು, ಗೌಡರು ಹಂಡೆಯಿಂದ ಬಿಸಿನೀರು ತಂದು ಸುರಿಯುವುದು. ‘ಗೌಡ್ರೆ, ನಿಮ್ಮ ಕಾಲಿಗೆ ಸುರ್ಕೋಬೇಡಿ, ಅದನ್ನ ಯಾರೂ ಆವಿಗೇಲಿ ಸುಟ್ಟಿಲ್ಲ’ ಅಂತ ನಾನು, ‘ನಿಮ್ಮ ಬಾಯಿಗೂ ಒಂದು ಚೆಂಬು ಸುರೀಲಾ?’ ಅಂತ ಅವರು. ಎಲ್ಲ ಮುಗಿದಾಗ ನನ್ನ ಹುಬ್ಬಿನ ಕೂದಲು ಅರ್ಧ ಸುಟ್ಟಿತ್ತು. ಮೊದಲಿನ ಎರಡಲ್ಲದೆ ಇನ್ನೂ ಆರು ಕುಡಿಕೆ ಬಿರುಕು ಬಿಟ್ಟವು. ಉಳಿದವು ಮುಳುಗಿ ಕೂತವು. ಮಾರನೇ ದಿನ ನೋಡಿದರೆ ಬಾನಿಯ ನೀರು ಅಕ್ಕಿ ತೊಳೆದ ಕಲಗಚ್ಚಿನ ಬಣ್ಣ. ನಾಲ್ಕು ಸಲ ನೀರು ಬದಲಿಸಿದೆವು.

ನೆರಳಿನಲ್ಲಿ ಒಣಗಿದ ಮೇಲೆ ಬೇಕಂತಲೇ ರಾತ್ರಿ ಇಬ್ಬನಿಗೂ ಹಗಲು ಬಿಸಿಲಿಗೂ ಇಟ್ಟೆ. ಸಿಡಿಯುವುದಿದ್ದರೆ ನನ್ನ ಅಂಗಳದಲ್ಲೇ ಸಿಡಿಯಲಿ. ಪಕ್ಕದಲ್ಲೇ ಕುರ್ಚಿ ಹಾಕಿ ಕಿವಿ ಕೊಟ್ಟು ಕೂತೆ. ಮೊದಲ ದಿನ ಎರಡು ಟಿಕ್ ಅಂದವು. ಎರಡನ್ನೂ ತೆಗೆದು ಬಿಸಾಡಿದೆ. ಎರಡನೇ ದಿನ ಏನೂ ಇಲ್ಲ. ಮೂರನೇ ದಿನ ಮಧ್ಯಾಹ್ನ ನನ್ನ ಬೆನ್ನ ಹಿಂದೆ ಟಿಕ್! ಕುರ್ಚಿಯಿಂದ ಹಾರಿ ನಿಂತೆ. ಒಂದೊಂದೇ ಎತ್ತಿ ನೋಡಿದೆ, ಏನೂ ಆಗಿಲ್ಲ. ಕೂತರೆ ಮತ್ತೆ ಟಿಕ್! ತಿರುಗಿದರೆ ನಮ್ಮನೆಯವಳು ಬಾಗಿಲ ಸಂದಿಯಲ್ಲಿ ನಿಂತು ನಾಲಿಗೆಯಿಂದ ಸದ್ದು ಮಾಡುತ್ತಿದ್ದಾಳೆ. ಸೆರಗು ಬಾಯಿಗೆ ಒತ್ತಿಕೊಂಡು ನಗಾಡಿದಳು. ಬೈಯಲು ಹೋದೆ, ಆಗಲಿಲ್ಲ, ನನಗೂ ನಗು. ಆ ದಿನವೇ ಮೊದಲ ಸಲ ಹೊಟ್ಟೆ ತುಂಬ ಉಂಡದ್ದು.

ಐದು ದಿನ ಕಳೆದ ಮೇಲೆ ಶೃಂಗೇರಿಯವಳು ಬಂದಳು. ನಾನು ಬಾರಿಸಿ ತೋರಿಸಲು ಹೋದರೆ, ‘ಗಂಟೆ ಆಮೇಲೆ ಅಜ್ಜ’ ಅಂತ ಮೂರು ಕುಡಿಕೆ ತಾನೇ ಆರಿಸಿಕೊಂಡು ಹೋದಳು. ಎರಡೆರಡು ಸಲ ಮೊಸರು ಹಾಕಿದಳಂತೆ. ಬಿಳಿ ಬಟ್ಟೆಯಲ್ಲಿ ಸೋಸಿದಳಂತೆ. ಚಮಚದಿಂದ ಒಳಮೈ ಕೆರೆದು ನೋಡಿದಳಂತೆ. ಮೂರನೇ ದಿನ ಬೂತಿಗೆ ಫೋನು ಬಂತು. ‘ಇನ್ನುಳಿದ ನೂರೇಳೂ ತನ್ನಿ. ಸದ್ಯಕ್ಕೆ ಸಾಕು. ಉಳಿದದ್ದು ಮಳೆಗಾಲದೊಳಗೆ ಕೊಡಿ. ಜರಡಿ ಹಿಡಿದು!’ ಕೊನೆಯ ಮಾತು ಅವಳಿಗೆ ಯಾರು ಹೇಳಿಕೊಟ್ಟದ್ದು ಅಂತ ನಾನು ಕೇಳಲಿಲ್ಲ.

ಹುಲ್ಲು ತುಂಬಿದ ಬುಟ್ಟಿಗಳಲ್ಲಿ ಕುಡಿಕೆ ಹೊತ್ತು ಬಸ್ಸಿನಲ್ಲಿ ಹೋಗಿ ಕೊಟ್ಟು ಬಂದೆವು. ತೆರೆಯುವ ದಿನ ಮತ್ತೆ ಹೋದೆವು. ಮೂಲೆಯ ಬೆಂಚಿನಲ್ಲಿ ಕೂತೆ. ನಮ್ಮನೆಯವಳು ಒಳಗೆ ಎಲೆ ಒರೆಸಲು ಸೇರಿಕೊಂಡಳು. ಹನ್ನೆರಡು ಗಂಟೆಗೆ ಜನ ಶುರು. ಕಿಗ್ಗದ ಕಡೆಯವರು ನಾಲ್ಕು ಜನ, ಕೋರ್ಟಿನ ಕೆಲಸಕ್ಕೆ ಬಂದವರು, ಎರಡು ಜೀಪು ಭಕ್ತರು. ನಾನು ಯಾರ ಮುಖವನ್ನೂ ನೋಡಲಿಲ್ಲ, ಬಾಯಿ ಮಾತ್ರ ನೋಡಿದೆ. ಅನ್ನ ಮುಗಿಯುತ್ತದೆ, ಕುಡಿಕೆ ಬರುತ್ತದೆ, ಚಮಚ ಇಳಿಯುತ್ತದೆ, ಬಾಯಿಗೆ ಹೋಗುತ್ತದೆ. ದವಡೆ ನಿಂತರೆ ನಾನು ಕತ್ತು ಚಾಚುತ್ತಿದ್ದೆ. ಒಬ್ಬ ಮುದುಕ ಅರ್ಧಕ್ಕೆ ನಿಲ್ಲಿಸಿ ಬಾಯೊಳಗೆ ಬೆರಳು ಹಾಕಿದ. ನಾನು ಬೆಂಚಿನಿಂದ ಅರ್ಧ ಎದ್ದೆ. ಒಂದು ಕರಿಬೇವಿನ ಕಡ್ಡಿ ತೆಗೆದು ಎಲೆಯ ಅಂಚಿಗಿಟ್ಟು ಮತ್ತೆ ತಿನ್ನಲು ಶುರುಮಾಡಿದ.

ಮೂರು ಗಂಟೆ ಹೊತ್ತಿಗೆ ಜನ ಕಡಿಮೆಯಾದರು. ತೊಳೆದು ಕವುಚಿಟ್ಟ ಕುಡಿಕೆಗಳ ಸಾಲು ಹಿಂದೆ ಕಾಣುತ್ತಿತ್ತು. ಆ ಹೆಂಗಸು ಬೆವರು ಒರೆಸಿಕೊಳ್ಳುತ್ತ ಬಂದು ನನ್ನೆದುರು ಒಂದು ಕುಡಿಕೆ ಇಟ್ಟಳು.

‘ಬೇರೆಯವರ ಬಾಯಿ ನೋಡಿದ್ದು ಸಾಕು ಅಜ್ಜ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀವು. ಉಣ್ಣಿ.’

ಚಮಚ ನೆಟ್ಟೆ, ನಿಂತಿತು. ಬಾಯಿಗಿಟ್ಟೆ. ಅವಳು ನಿಂತೇ ಇದ್ದಳು, ಈಗ ನನ್ನ ಬಾಯಿ ನೋಡುತ್ತ.

‘ಹೇಗಿದೆ?’

ಮೊಸರು ಸ್ವಲ್ಪ ಹುಳಿಯಾಗಿತ್ತು. ಹೇಳಲು ನಾಲಿಗೆ ತುದಿಗೆ ‘ಬೆಣ್ಣೆ’ಯಂಥ ಒಳ್ಳೊಳ್ಳೆಯ ಮಾತುಗಳೇ ಬಂದವು. ಒಂದನ್ನೂ ಹೊರಗೆ ಬಿಡದೆ, ತಳ ಕಾಣುವವರೆಗೆ ಕೆರೆದು ತಿಂದು, ಇನ್ನೊಂದು ಕೊಡು ಅಂತ ಖಾಲಿ ಕುಡಿಕೆಯನ್ನು ಅವಳ ಕಡೆ ತಳ್ಳಿದೆ.